ನೋಟಿಸ್ ಅಂಟಿಸಿದರು, ಕೆಲಸ ನಿಲ್ಲಲಿಲ್ಲ

ಪ್ರಶ್ನೆ: ನಮ್ಮದು ಬರೀ ಮನೆಗಳಿರುವ ಬಡಾವಣೆ. ಮಗ್ಗಲ ಸೈಟಿನವರು ಮನೆಗೆಂದು ಪರವಾನಗಿ ಪಡೆದು ನಾಲ್ಕು ಶಟರ್‌ಗಳ ಮಳಿಗೆ ಕಟ್ಟುತ್ತಿದ್ದಾರೆ. ದೂರಿನ ಮೇಲೆ ನೋಟಿಸ್ ಅಂಟಿಸಿದರು. ಎರಡು ತಿಂಗಳಾಯಿತು, ಮೂರನೇ ಸ್ಲ್ಯಾಬ್ ಕೂಡ ಹಾಕಿದರು. ಮುಂದೇನು?
— ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಅಂಟಿಸಿದ ಕಾಗದದಲ್ಲಿ ಯಾವ ಕಲಂ ಇದೆ ನೋಡಿ. ಮಹಾನಗರ ಪಾಲಿಕೆಗಳ ಕಾಯ್ದೆ, 1976ರ 321ನೇ ಕಲಮಿಗೆ ಮೂರು ಮೆಟ್ಟಿಲು: 321(1) ತಾತ್ಕಾಲಿಕ ಆದೇಶ, 321(2) ಕಾರಣ ಕೇಳುವ ನೋಟಿಸ್, 321(3) ದೃಢೀಕರಿಸಿದ ಆದೇಶ. ಕೆಡವುವ ಬಲ ಬರುವುದು ಮೂರನೆಯದರಿಂದ. ಕಡತ ಕೂತುಬಿಡುವುದು ಸಾಮಾನ್ಯವಾಗಿ ಎರಡನೆಯದರಲ್ಲಿ. ಹಾಗಾಗಿ ಎರಡನೇ ಅರ್ಜಿಯಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಬರೆಯಬೇಡಿ. ಆ ಮಾತಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸಿದ್ಧವಿರುತ್ತದೆ. ನೋಟಿಸಿನ ಸಂಖ್ಯೆ, ದಿನಾಂಕ ಹಾಕಿ, 321(3)ರ ಆದೇಶ ಹೊರಡಿಸಿ ಎಂದೇ ಆಯುಕ್ತರಿಗೆ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಬೀಳದೆ ಕೌಂಟರ್ ಬಿಡಬೇಡಿ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಮಂಜೂರಾದ ನಕ್ಷೆ, ನೋಟಿಸಿನ ಪ್ರತಿ, ಅದು ಜಾರಿಯಾದ ದಾಖಲೆ ಕೇಳಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಬೀದಿಯ ಪುರಾಣವೆಲ್ಲ ಬರೆದರೆ ಅರ್ಜಿ ತಿರುಗಿ ಬರುತ್ತದೆ. ನಕ್ಷೆ ಕೈಗೆ ಬಂದ ಮೇಲೆ ನಿಮ್ಮ ಕಡೆಯ ಸೆಟ್‌ಬ್ಯಾಕ್ (ಗಡಿಯಿಂದ ಗೋಡೆಯವರೆಗೆ ಖಾಲಿ ಬಿಡಬೇಕಾದ ಜಾಗ) ಅಳೆದು ಹೋಲಿಸಿ. ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಬಾಲ್ಕನಿಯ ಚಾಚು, ಪಾರ್ಕಿಂಗ್ ಜಾಗಕ್ಕೆ ಕೂರಿಸಿದ ಶಟರ್, ಕೊನೆಯ ಸ್ಲ್ಯಾಬಿನ ಮೇಲೆ ಇನ್ನೂ ನಿಂತಿರುವ ಕಾಲಂ ಸರಳುಗಳು (ಮತ್ತೊಂದು ಮಹಡಿಯ ಸುಳಿವು) ಕೂಡ ಬರಲಿ.

ಅವಸರದಲ್ಲಿ ಜೆಸಿಬಿ ಬಂದರೆ ಮಾಲೀಕನಿಗೇ ಲಾಭ. ನೋಟಿಸಿಗೆ 15 ದಿನ, ಅಂತಿಮ ಆದೇಶದ ನಂತರ ತಾನೇ ತೆಗೆದುಕೊಳ್ಳಲು ಮತ್ತೆ 15 ದಿನ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ. ಈ ಗಡುವು ಪಾಲಿಸದಿದ್ದರೆ ಮಾಲೀಕನಿಗೆ ತಡೆಯಾಜ್ಞೆ ಸುಲಭ. ಅದೇ ಕೋರ್ಟ್ ಡಿಸೆಂಬರ್ 17ರಂದು, ಮೀರತ್‌ನಲ್ಲಿ ವಸತಿ ನಿವೇಶನದಲ್ಲಿ ಕಟ್ಟಿದ ಅಂಗಡಿಗಳ ಪ್ರಕರಣದಲ್ಲಿ, ಅನಧಿಕೃತ ಕಟ್ಟಡಕ್ಕೆ ವ್ಯಾಪಾರ ಪರವಾನಗಿ ಕೊಡಬಾರದು, ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ, ಬಳಸಬಹುದು ಎಂಬ ಪತ್ರ, ಓಸಿ) ನೋಡದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದಿತು. ಈ ತೀರ್ಪು ಉಲ್ಲೇಖಿಸಿ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂಗೂ ಆಕ್ಷೇಪಣೆ ಸಲ್ಲಿಸಿ. ಕರೆಂಟಿಲ್ಲದ ಮಳಿಗೆಗೆ ಬಾಡಿಗೆದಾರ ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಬೇಗ ಕಚ್ಚುವುದು ಇದೇ.

ಮಾಲೀಕ ಕೋರ್ಟಿಗೆ ಹೋದರೆ ಎದುರು ಪಕ್ಷ ಪಾಲಿಕೆ ಮಾತ್ರ, ನಿಮ್ಮ ಹೆಸರೇ ಅಲ್ಲಿರುವುದಿಲ್ಲ. ಮೊದಲೇ ಸಿವಿಲ್ ಕೋರ್ಟಿನಲ್ಲೂ ಹೈಕೋರ್ಟಿನ ಕಲಬುರಗಿ ಪೀಠದಲ್ಲೂ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿಸಿ. ಅದರ ಆಯುಷ್ಯ 90 ದಿನ, ಮುಗಿಯುವ ಮುನ್ನ ಹೊಸದು ಹಾಕಬೇಕು.

ಪ್ರಶ್ನೆ: ಮನೆಯ ನಿವೇಶನದಲ್ಲಿ ಮಳಿಗೆ ಕಟ್ಟುವವರು ‘ಅಕ್ರಮ-ಸಕ್ರಮದಲ್ಲಿ ಅರ್ಜಿ ಹಾಕುತ್ತೇವೆ, ಟ್ಯಾಕ್ಸ್ ಕಮರ್ಷಿಯಲ್ ದರದಲ್ಲೇ ಕಟ್ಟುತ್ತೇವೆ’ ಎನ್ನುತ್ತಾರೆ. ನಿಜವೇ?
— ಓದುಗರು, ಬೀದರ್

ಉತ್ತರ: ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡ ಸಕ್ರಮಗೊಳಿಸುವ 2014ರ ಆ ನಿಯಮಗಳಿಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಆ ನಿಯಮಗಳಲ್ಲೇ 2013ರ ಅಕ್ಟೋಬರ್ 19ರ ನಂತರದ ಕಟ್ಟಡಕ್ಕೆ ಜಾಗವಿರಲಿಲ್ಲ. ವಸತಿಯೇತರ ಕಟ್ಟಡಕ್ಕೆ ಒಪ್ಪುತ್ತಿದ್ದ ಉಲ್ಲಂಘನೆ ಶೇ 25ರವರೆಗೆ ಮಾತ್ರ. ತೆರಿಗೆ ರಸೀದಿ ಪರವಾನಗಿಯಲ್ಲ. ಮನೆಯ ನಿವೇಶನ ವಾಣಿಜ್ಯಕ್ಕೆ ತಿರುಗಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ಅದನ್ನು ತೋರಿಸಿ ಎನ್ನಿ.

ಪ್ರಶ್ನೆ: ಮಹಡಿಯ ಫಂಕ್ಷನ್ ಹಾಲ್‌ನ ಜನರೇಟರ್ ರಾತ್ರಿಯಿಡೀ ಓಡುತ್ತದೆ.
— ಓದುಗರು, ಯಾದಗಿರಿ

ಉತ್ತರ: ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್, ಹಗಲು 55. ಆ ಹೊತ್ತಿಗೇ 112ಕ್ಕೆ ಕರೆ ಮಾಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಅಳತೆ ಮಾಡಿಸಿ. ಮೊಬೈಲ್ ಆ್ಯಪಿನ ಅಂಕಿ ದೂರಿಗೆ ಸಾಕು, ಸಾಕ್ಷ್ಯಕ್ಕೆ ಸಾಲದು. ಫಂಕ್ಷನ್ ಹಾಲ್‌ನ ಪರವಾನಗಿ ವಿಷಯ ಬೇರೆ ಅರ್ಜಿಯಲ್ಲಿರಲಿ. ನಿಮ್ಮದು ನಗರಸಭೆ, ಹಾಗಾಗಿ ಅಲ್ಲಿ 1976ರ ಕಾಯ್ದೆ ಬೇಡ, 1964ರ ಪುರಸಭೆಗಳ ಕಾಯ್ದೆ ಉಲ್ಲೇಖಿಸಿ.