ಕೇದಾರಕಂಠಕ್ಕೆ ಆ ಬೂಟು ಬೇಡ, ಒಂದು ಸೈಜ್ ದೊಡ್ಡದು ತನ್ನಿ

ತಮ್ಮಾ, ನಮ್ಮ ಟ್ರೆಕ್ಕಿಂಗ್ ಗುಂಪಿನಲ್ಲಿ ನೀವು ಹಾಕಿದ ಫೋಟೊ ನೋಡಿದೆ. ಡಿಸೆಂಬರ್ ಕೊನೇ ವಾರ ಉತ್ತರಾಖಂಡದ ಹಿಮದ ಬೆಟ್ಟ ಕೇದಾರಕಂಠ, ಮೂರು ಸಾವಿರದೊಳಗಿನ ಬೂಟು. "ಕಾಲಿಗೆ ಅಚ್ಚು ಹೊಯ್ದ ಹಾಗೆ ಕೂತಿದೆ, ಚಳಿಗೆ ಒಳಗೆ ಎರಡು ಜೊತೆ ಕಾಟನ್ ಸಾಕ್ಸ್ ಹಾಕಿಕೊಂಡರೆ ಸಾಕಾ?" ಅಂತ ಕೇಳಿದ್ದೀರಿ. ಕೆಳಗೆ ಹತ್ತು ಜನ ಸೂಪರ್ ಅಂದಿದ್ದಾರೆ. ಸಾಕಾಗುವುದಿಲ್ಲ. 2017ರ ಜನವರಿಯಲ್ಲಿ ನಾನು ಮಾಡಿದ ತಪ್ಪೇ ಇದು, ಸಾಕ್ಸ್ ಸಮೇತ.

ನನ್ನ ಬೂಟೂ ಅಂಗಡಿಯಲ್ಲಿ ಹಾಗೇ ಕೂತಿತ್ತು. ನಡಿಗೆ ಶುರುವಾಗುವ ಸಾಂಕ್ರಿ ಹಳ್ಳಿಯಿಂದ ಜೂಡಾ ಕಾ ತಾಲಾಬ್ ಕೆರೆಯ ಕ್ಯಾಂಪ್‌ವರೆಗೆ ಏನೂ ಗೊತ್ತಾಗಲಿಲ್ಲ. ತುದಿಗೆ ಹೊರಡುವ ದಿನ ರಾತ್ರಿ ಮೂರಕ್ಕೆ ಎದ್ದು, ಎರಡನೇ ಜೊತೆ ಸಾಕ್ಸ್ ತುರುಕಿ, ಲೇಸ್ ಎಳೆದು ಕಟ್ಟಿದೆ. ಮೊದಲು ಬೆರಳು ಸುಟ್ಟ ಹಾಗೆ ನೋವು. ಆಮೇಲೆ ನೋವು ನಿಂತಿತು. ಸದ್ಯ, ಬೆಚ್ಚಗಾಯಿತು ಅಂದುಕೊಂಡೆ ನೋಡಿ, ಎಂಥ ದಡ್ಡತನ! ಗೈಡ್ ಹುಡುಗನಿಗೆ ನನ್ನ ನಡಿಗೆ ನೋಡಿ ಅನುಮಾನ ಬಂದು ಬೂಟು ಬಿಚ್ಚಿಸಿದ. ಎರಡು ಬೆರಳು ಮೇಣದ ಹಾಗೆ ಬೆಳ್ಳಗಿದ್ದವು. ಉಜ್ಜಲು ಹೋದೆ, ಕೈ ತಟ್ಟಿದ. ತನ್ನ ಜಾಕೆಟ್ ಎತ್ತಿ ನನ್ನ ಪಾದವನ್ನು ಹೊಟ್ಟೆಗೆ ಒತ್ತಿಕೊಂಡು ಕೂತ. 12,500 ಅಡಿಯ ತುದಿ ನೋಡದೆ ವಾಪಸ್ ಬಂದೆ. ಇಳಿಯುವಾಗ ಬೆರಳು ಬೂಟಿನ ಮೂತಿಗೆ ಗುದ್ದಿ ಗುದ್ದಿ ಉಗುರು ಬೇರೆ ಕಪ್ಪಾದವು.

ಬೆಚ್ಚಗಿಡುವುದು ಸಾಕ್ಸ್ ನೂಲಿನ ನಡುವೆ ನಿಂತ ಗಾಳಿ. ಬಿಗಿ ಬೂಟಿನಲ್ಲಿ ಅದನ್ನು ಹಿಂಡಿ ಚಪ್ಪಟೆ ಮಾಡಿದರೆ ಗಾಳಿಯೂ ಇಲ್ಲ, ಬೆರಳ ತುದಿಗೆ ರಕ್ತವೂ ಇಲ್ಲ. ಕಾಟನ್ ಅಂತೂ ಬೆವರು ಕುಡಿದು ಒದ್ದೆ ಬಟ್ಟೆ ಸುತ್ತಿದ ಹಾಗೆ. ದಪ್ಪ ಉಣ್ಣೆಯದು ಒಂದೇ ಜೊತೆ ಸಾಕು. ಅದನ್ನು ಹಾಕಿಕೊಂಡೇ ಬೂಟು ನೋಡಬೇಕು, ಅದೂ ಸಂಜೆ ಹೊತ್ತು, ಕಾಲು ಊದಿಕೊಂಡಿರುವಾಗ. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಒಳಗೆ ಬೆರಳು ಆಡಿಸಲು ಬರಬೇಕು. ಹಿಮ್ಮಡಿ ಮಾತ್ರ ಏಳಬಾರದು, ಎದ್ದರೆ ಬೊಬ್ಬೆ ಗ್ಯಾರಂಟಿ.

ಈಗ ನನ್ನ ಕಂಬಳಿ ವಿಷಯ. ಗುಂಪಿನ ಹಳಬರು ನಗಬಹುದು, ನಗಲಿ. ಚಳಿ ಜಾಸ್ತಿ ಏರುವುದು ಕೆಳಗಿನಿಂದ, ಹಿಮದ ಮೇಲೆ ನಿಂತ ಅಂಗಾಲಿನಿಂದ. ಅಗ್ಗದ ಬೂಟಿನಲ್ಲಿ ಕಂಪನಿಯವರು ಉಳಿಸುವುದೂ ಅಲ್ಲೇ, ಇನ್ಸೋಲ್, ಅಂದರೆ ಅಂಗಾಲಿನ ಕೆಳಗಿನ ಹಾಸು, ಹಪ್ಪಳದಷ್ಟು ತೆಳ್ಳಗೆ. ನಾನು ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ, ಅಜ್ಜನ ಕಾಲದ್ದು, ಅರ್ಧ ಹರಿದಿದ್ದು, ಅದರಲ್ಲಿ ಬೂಟಿನೊಳಗೆ ಹಾಸಲು ಒಂದು ಜೊತೆ ತುಂಡು ಕತ್ತರಿಸಿದೆ. ಗದ್ದುಗೆ ಹಾಕುವ ಕಂಬಳಿಯನ್ನು ಕಾಲಡಿ ಹಾಕುತ್ತೀಯಾ ಅಂತ ಅಮ್ಮ ಬೈದರು. ಬೈಸಿಕೊಂಡೆ. ಬೂಟಿನ ಇನ್ಸೋಲ್ ಹೊರಗೆ ತೆಗೆದು, ಕಂಬಳಿ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗೆರೆಯ ಒಳಗೇ ಕತ್ತರಿಸಿ, ಅಂಚು ಬಿಚ್ಚದ ಹಾಗೆ ದಪ್ಪ ದಾರದಲ್ಲಿ ಸುತ್ತ ಹೊಲಿದು, ಇನ್ಸೋಲ್ ಕೆಳಗೆ ಹಾಸಿ. ಮೇಲೆ ಹಾಕಿದರೆ ಚುಚ್ಚುತ್ತದೆ, ಮಡಚಿಕೊಂಡು ಬೊಬ್ಬೆಯೂ ಬರುತ್ತದೆ. ಬ್ಲಾಂಕೆಟ್ ಅಂತ ಮಾರುವ ಅಕ್ರಿಲಿಕ್ ತುಂಡು ಆಗುವುದಿಲ್ಲ, ಎರಡೇ ದಿನಕ್ಕೆ ಚಪ್ಪಟೆ. ಇದೆಲ್ಲ ಬೂಟಿನಲ್ಲಿ ಜಾಗ ಇದ್ದರೆ ಮಾತ್ರ. ನಿಮ್ಮ ಈಗಿನ ಸೈಜಿಗೆ ಕಂಬಳಿ ಹಾಕಿದಿರೋ, ನನ್ನ ಕಥೆಯೇ ಮತ್ತೆ. ಎರಡು ವರ್ಷ ಬಿಟ್ಟು ಅದೇ ದಾರಿಗೆ ಹೋದಾಗ ಬೂಟು ಒಂದು ಸೈಜ್ ದೊಡ್ಡದು, ಒಳಗೆ ಕಂಬಳಿ. ತುದಿಯಲ್ಲಿ ಅರ್ಧ ಗಂಟೆ ಫೋಟೊ ತೆಗೆಯುತ್ತಾ ನಿಂತೆ, ಬೆರಳಿನ ನೆನಪೇ ಆಗಲಿಲ್ಲ.

ಬ್ರಾಂಡ್ ಕೇಳಿದ್ದೀರಿ. ಡೆಕಾತ್ಲಾನ್‌ನ ಕೆಚುವಾದಲ್ಲಿ ಕಣಕಾಲು ಮುಚ್ಚುವ ವಾಟರ್‌ಪ್ರೂಫ್ ಬೂಟು ನನ್ನ ಆಯ್ಕೆ. ಒಳಗೆ ತುಪ್ಪಳ ಇರುವ ಸ್ನೋ ಬೂಟು ಕ್ಯಾಂಪಿನಲ್ಲಿ ಸ್ವರ್ಗ, ಆದರೆ ಏರು ಹತ್ತುವಾಗ ಕಾಲು ಬೆವರುತ್ತದೆ, ನಿಂತಾಗ ಆ ಬೆವರೇ ತಣ್ಣಗಾಗುತ್ತದೆ. ಡಬ್ಬದ ಮೇಲೆ ಮೈನಸ್ ಎಷ್ಟೋ ಬರೆದಿದ್ದರೆ ಅದು ನಡೆಯುತ್ತಿರುವ ಕಾಲಿನ ಲೆಕ್ಕ, ಸೂರ್ಯೋದಯಕ್ಕೆ ಕಾಯುತ್ತಾ ನಿಂತ ಕಾಲಿನದಲ್ಲ. ವುಡ್‌ಲ್ಯಾಂಡ್ ಊರಿನಲ್ಲಿ ಓಡಾಡಲು ಚೆನ್ನ, ಅಷ್ಟು ಭಾರ ಹೊತ್ತು ಹತ್ತುವುದು ನನಗಂತೂ ಇಷ್ಟವಿಲ್ಲ. ಆಕ್ಷನ್ ಕಂಪನಿಯ ಶೂ ನಮ್ಮ ಘಟ್ಟಕ್ಕೆ ಸರಿ, ಹಿಮಕ್ಕೆ ಬೇಡ. ಗಮ್‌ಬೂಟು ಅಂದರೆ ನಗಬೇಡಿ. ಲಡಾಖ್‌ನಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ನಡೆಯುವ ಚಾದರ್ ಟ್ರೆಕ್‌ಗೆ ಜನ ಲೇಹ್ ಪೇಟೆಯಲ್ಲಿ ಕೊಳ್ಳುವುದು ಅದನ್ನೇ, ಉಣ್ಣೆ ಸಾಕ್ಸ್ ಹಿಡಿಸುವ ಹಾಗೆ ದೊಡ್ಡ ಸೈಜು. ಆದರೆ ಅದು ಸಮತಟ್ಟಾದ ನದಿ. ಕೇದಾರಕಂಠದ ಏರಿಗೆ ಕಣಕಾಲು ಹಿಡಿಯುವ ಬೂಟೇ ಬೇಕು. ಹಿಮದಲ್ಲಿ ಜಾರದ ಹಾಗೆ ಬೂಟಿಗೆ ಹಾಕುವ ಮುಳ್ಳು (ಮೈಕ್ರೋಸ್ಪೈಕ್), ಬೂಟಿನೊಳಗೆ ಹಿಮ ನುಗ್ಗದ ಹಾಗೆ ಕಾಲಿಗೆ ಕಟ್ಟುವ ಗೇಟರ್ ಕೊಳ್ಳಬೇಡಿ, ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟನ್ನೂ ಅಲ್ಲೇ ಬಾಡಿಗೆಗೆ ತರುತ್ತೇನೆ ಅಂತ ಮಾತ್ರ ಹೊರಡಬೇಡಿ. ಸೀಸನ್‌ನಲ್ಲಿ ನಿಮ್ಮ ಸೈಜ್ ಸಿಕ್ಕರೆ ಪುಣ್ಯ, ಸಿಕ್ಕಿದ್ದು ಒಣಗಿದ್ದರೆ ಇನ್ನೂ ಪುಣ್ಯ.

ಮೇಲೆ ಒಬ್ಬರು "ಮಾವನ ಹಳೇ ಬೂಟು ಅಟ್ಟದ ಮೇಲಿದೆ, ತಗೊಂಡು ಹೋಗಿ" ಅಂದಿದ್ದಾರಲ್ಲ, ದಯವಿಟ್ಟು ಬೇಡ. ಸೋಲ್ ನಡುವಿನ ಪಾಲಿಯುರಿಥೇನ್ ಪದರ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ, ಹಾಕದೆ ಇಟ್ಟರೂ. ಮಲೆನಾಡು, ಕರಾವಳಿ ಮನೆಗಳಲ್ಲಿ ಇನ್ನೂ ಬೇಗ. ಕುಮಾರಪರ್ವತಕ್ಕೆ ಹೋದಾಗ ದಾರಿ ನಡುವಿನ ಗಿರಿಗದ್ದೆ ಮುಟ್ಟುವ ಮೊದಲೇ ನಮ್ಮ ಜೊತೆಯವರೊಬ್ಬರ ಸೋಲ್ ಮೊಸಳೆ ಹಾಗೆ ಬಾಯಿ ಬಿಟ್ಟಿತು. ಪಂಚೆ ಹರಿದು ಕಟ್ಟಿಕೊಂಡು ಇಳಿದರು. ಅದೇ ಹಿಮದಲ್ಲಾದರೆ?

ಹೊಸ ಬೂಟನ್ನೂ ನೇರ ವಿಮಾನ ಹತ್ತಿಸಬೇಡಿ. ಮೊದಲು ಒಂದೆರಡು ಭಾನುವಾರ ಮಾಕಳಿದುರ್ಗವೋ ಸ್ಕಂದಗಿರಿಯೋ ಹತ್ತಿ ಇಳಿಯಿರಿ. ಉಜ್ಜುತ್ತದೋ ಇಲ್ಲವೋ ಇಳಿಯುವಾಗ ಗೊತ್ತಾಗುತ್ತದೆ. ಡೆಹ್ರಾಡೂನ್‌ಗೆ ಹೋಗುವಾಗ ಕಾಲಿಗೇ ಹಾಕಿಕೊಂಡು ಹೋಗಿ, ಲಗೇಜ್ ತೂಕ ಉಳಿಯುತ್ತದೆ.

ಕ್ಯಾಂಪಿನಲ್ಲಿ ರಾತ್ರಿ ಬೂಟು ಟೆಂಟ್ ಹೊರಗೆ ಬಿಟ್ಟರೆ ಬೆಳಿಗ್ಗೆ ಕಲ್ಲಾಗಿರುತ್ತದೆ. ಕವರ್‌ನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗ್ ಒಳಗೆ ಕಾಲ ಬುಡದಲ್ಲಿಡಿ. ಇನ್ಸೋಲು, ಕಂಬಳಿ ಎರಡನ್ನೂ ತೆಗೆದು ಪಕ್ಕದಲ್ಲಿ ಇಟ್ಟುಕೊಂಡೇ ಮಲಗಿ. ಒದ್ದೆಯಾಗಿದ್ದರೆ ಒಳಗೆ ನ್ಯೂಸ್‌ಪೇಪರ್ ತುರುಕಿ. ಬೆಂಕಿ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಮಲಗಲು ಒಂದು ಜೊತೆ ಒಣ ಸಾಕ್ಸ್ ಬೇರೆಯೇ ಇರಲಿ, ಅದನ್ನು ಹಾಕಿಕೊಂಡು ನಡೆಯಬೇಡಿ. ಉಗುರು ಹೊರಡುವ ಮೂರ್ನಾಲ್ಕು ದಿನ ಮೊದಲೇ ಕತ್ತರಿಸಿ, ಹಿಂದಿನ ರಾತ್ರಿ ಅಲ್ಲ.

ಫೋಟೊದಲ್ಲಿ ಬೂಟಿನ ಟ್ಯಾಗ್ ಇನ್ನೂ ನೇತಾಡುತ್ತಿದೆ. ಬಿಲ್ ಇದೆ ತಾನೇ? ಮಣ್ಣು ಮುಟ್ಟಿಸುವ ಮುಂಚೆ, ಉಣ್ಣೆ ಸಾಕ್ಸ್ ಜೇಬಿಗೆ ಹಾಕಿಕೊಂಡು ನಾಳೆ ಸಂಜೆಯೇ ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬನ್ನಿ.