ಮೊದಲ ಪ್ರಶ್ನೆ ನಡತೆಯದೇ ಏಕೆ?

ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕಿಯಾಗಿರುವ ಓದುಗರು ಕೇಳಿದ್ದಾರೆ: ‘ಮೆಕ್ಸಿಕೊದಿಂದ ಬಂದ ತಾಯಂದಿರು ಪೋಷಕರ ಸಭೆಯಲ್ಲಿ ಮಗುವಿನ ನಡತೆಯನ್ನಷ್ಟೇ ವಿಚಾರಿಸುತ್ತಾರೆ. ಓದಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇವರಿಗೆ ವಿದ್ಯೆ ಬೇಡವೇ?’

ಖಂಡಿತ ಬೇಕು. ಆದರೆ ನಡತೆ ನೆಟ್ಟಗಿದ್ದರೆ ಓದು ಅದರ ಮೇಲೆ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಶಿಕ್ಷಣ ಸಂಶೋಧಕಿ ಲೆಸ್ಲಿ ರೀಸ್ ಮತ್ತು ಸಂಗಡಿಗರು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ವಲಸೆ ಕುಟುಂಬಗಳ ಬಗ್ಗೆ 1995ರಲ್ಲಿ ಬರೆದದ್ದೂ ಇದನ್ನೇ. ಹಿರಿಯರು ಕರೆದಾಗ ಸ್ಪ್ಯಾನಿಷಿನಲ್ಲಿ ‘ಕೇ?’ (ಏನು?) ಎನ್ನದೆ ‘ಮಾಂದೆ?’ (ಅಪ್ಪಣೆಯಾಗಲಿ) ಎಂದು ಓಗೊಡುವುದು, ಹೇಳಿಸಿಕೊಳ್ಳದೆ ಕೆಲಸಕ್ಕೆ ಕೈಹಾಕುವುದು ಒಳ್ಳೆಯ ನಡತೆಯಲ್ಲಿ ಸೇರಿವೆ.

ಈ ಮನೆಗಳಲ್ಲಿ ಬಾಯಿಮಾತಿನ ಪಾಠವೂ ಕಡಿಮೆ. ತಾಯಿ ಟೋರ್ಟಿಯಾ ಎಂಬ ರೊಟ್ಟಿ ತಟ್ಟುವಾಗ ಮಗುವಿಗೂ ಒಂದು ಸಣ್ಣ ಉಂಡೆ ಹಿಟ್ಟು ಕೊಡುತ್ತಾಳೆ. ಸೊಟ್ಟಗೆ ಬಂದರೂ ಅದನ್ನು ಕಾವಲಿಗೆ ಹಾಕುತ್ತಾಳೆ. ಹೊಗಳಿಕೆಯಿಲ್ಲ, ‘ಇದರ ಬಣ್ಣ ಯಾವುದು ಹೇಳು’ ಎಂಬ ಪರೀಕ್ಷೆಯೂ ಇಲ್ಲ. ಹೀಗೆ ಬೆಳೆದವರ ಗಮನ ಚುರುಕು. ಮನೋವಿಜ್ಞಾನಿ ಬಾರ್ಬರಾ ರೊಗಾಫ್ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮಗುವಿಗೆ ಆಟಿಕೆ ಮಾಡಲು ಕಲಿಸುವಾಗ ಅದರ ಒಡಹುಟ್ಟು ಪಕ್ಕದಲ್ಲಿ ಕಾದು ಕೂತಿತ್ತು. ಮುಂದೆ ಅದೇ ಆಟಿಕೆಯನ್ನು ಕಾದಿದ್ದ ಮಗುವಿಗೆ ಕೊಟ್ಟಾಗ, ತಾಯಿಯ ಶಾಲಾ ಓದು ಕಡಿಮೆಯಿದ್ದ ಮೆಕ್ಸಿಕನ್ ಮೂಲದ ಮಕ್ಕಳಿಗೆ ಬೇಕಾದ ನೆರವು ಕಡಿಮೆ. ಹೆಚ್ಚು ಓದಿದ ತಾಯಂದಿರ ಮಕ್ಕಳು ಅಷ್ಟು ಗಮನಿಸಿರಲಿಲ್ಲ! ತರಗತಿಯಲ್ಲಿ ಇಂಥ ಮಗು ಕೈ ಎತ್ತದಿದ್ದರೆ ದಡ್ಡ ಎಂದುಕೊಳ್ಳಬೇಡಿ.

ಸಭೆ ಕೆಡುವುದು ಹೀಗೆ. ಶಿಕ್ಷಕಿ ಸೌಜನ್ಯಕ್ಕೆ ‘ತುಂಬಾ ಒಳ್ಳೆಯ ಹುಡುಗ’ ಎನ್ನುತ್ತಾರೆ. ತಾಯಿ ಅದನ್ನೇ ತೀರ್ಪೆಂದು ತಿಳಿಯುತ್ತಾಳೆ. ಓದಿನಲ್ಲಿ ಹಿಂದಿದ್ದಾನೆ ಎಂಬುದು ಕೊನೆಯ ನಿಮಿಷದಲ್ಲಿ, ಅಂಕಿಗಳ ಭಾಷೆಯಲ್ಲಿ ಬರುತ್ತದೆ. ನೀವು ನಡತೆಯನ್ನೇ ಮೊದಲು ಹೇಳಿ, ಒಂದು ಘಟನೆಯ ಸಮೇತ. ಆಮೇಲೆ ಮಗುವಿನ ಪುಸ್ತಕ ಬಿಚ್ಚಿ, ಅದು ತಡವರಿಸುವ ಸಾಲನ್ನು ಬೆರಳಿಟ್ಟು ತೋರಿಸಿ. ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಓದಿಸಲಿ, ಸ್ಪ್ಯಾನಿಷಿನಲ್ಲೇ ಆದರೂ ಸರಿ. ‘ಪ್ರಶ್ನೆಗಳಿವೆಯೇ?’ ಎಂದರೆ ಉತ್ತರ ಬರುವುದಿಲ್ಲ. ಶಿಕ್ಷಕರನ್ನು ಪ್ರಶ್ನಿಸುವುದು ಅಗೌರವ ಎಂಬ ಭಾವನೆ ಹಲವರಲ್ಲಿದೆ. ‘ಮನೆಯಲ್ಲಿ ಇವನಿಗೆ ಯಾವ ಕೆಲಸ ಒಪ್ಪಿಸಿದ್ದೀರಿ?’ ಎಂದು ಕೇಳಿ ನೋಡಿ, ಮಾತು ತಾನಾಗಿ ಹರಿಯುತ್ತದೆ.

ಮಗುವನ್ನೇ ದುಭಾಷಿ ಮಾಡಬೇಡಿ. ಅದು ತನ್ನ ತಪ್ಪನ್ನು ನುಂಗಿಬಿಡುತ್ತದೆ, ತಾಯಿಯ ಹಿರಿತನಕ್ಕೂ ಪೆಟ್ಟು. ಸ್ಪ್ಯಾನಿಷ್ ಅನುವಾದಕರನ್ನು ಕರೆಸುವ ಮೊದಲು ಮನೆಮಾತು ಯಾವುದೆಂದು ಕೇಳಿಕೊಳ್ಳಿ: ದಕ್ಷಿಣ ಮೆಕ್ಸಿಕೊದ ಓಹಾಕಾ ರಾಜ್ಯದಿಂದ ಬಂದ ಎಷ್ಟೋ ತಾಯಂದಿರು ಅಲ್ಲಿನ ಮೂಲನಿವಾಸಿ ಭಾಷೆಗಳಾದ ಮಿಸ್ಟೆಕ್ ಅಥವಾ ಸಾಪೊಟೆಕ್ ಆಡುವವರು, ಅವರಿಗೆ ಸ್ಪ್ಯಾನಿಷ್ ಕೂಡ ಎರಡನೆಯ ಭಾಷೆಯೇ.