ಕಲ್ಚರ್ ರಿಪೋರ್ಟ್ ಬಂದ ಮೇಲೆ ‘ದೊಡ್ಡ’ ಆಂಟಿಬಯಾಟಿಕ್ ನಿಲ್ಲಿಸಿ ಮಾಮೂಲಿ ಔಷಧಿ ಕೊಟ್ಟರು. ಇದು ಸರೀನಾ?
ಸರಿಯೇ, ಗಾಬರಿ ಬೇಡ. ಕಲ್ಚರ್ ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ. ರೋಗಿ ಬಂದ ದಿನ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿರುವುದಿಲ್ಲ. ಸೋಂಕಿನಿಂದ ಬಿಪಿ ಕುಸಿದಿದ್ದರೆ 1 ಗಂಟೆಯೊಳಗೆ ಔಷಧಿ ಹೋಗಬೇಕು. ಹಾಗಾಗಿ ಮೆರೊಪೆನೆಮ್‌ನಂಥ, ಹಲವು ಬಗೆಯ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಶುರು ಮಾಡುತ್ತಾರೆ.

ಆದರೆ ಅದಕ್ಕೂ ಮೊದಲು ಕಲ್ಚರ್‌ಗೆ ರಕ್ತ ತೆಗೆಯಬೇಕು. ಇದೇ ಮುಖ್ಯ. ದೊಡ್ಡವರಿಗೆ ಬಾಟಲಿಗೆ 8–10 ಮಿ.ಲೀ., ಎರಡು ಬೇರೆ ಜಾಗದಿಂದ. ಒಂದರಲ್ಲಿ ಮಾತ್ರ ಚರ್ಮದ ಬ್ಯಾಕ್ಟೀರಿಯಾ ಬೆಳೆದರೆ, ಸೂಜಿ ಚುಚ್ಚುವಾಗ ಸೇರಿಕೊಂಡಿದ್ದು ಅಂತ ಅಂದಾಜಿಸಬಹುದು. ಡೋಸ್ ಕೊಟ್ಟ ಮೇಲೆ ತೆಗೆದರೆ ಏನೂ ಬೆಳೆಯದೇ ಇರಬಹುದು.

ಮಾಮೂಲಿ ಔಷಧಿ ಸಾಕು ಅಂತ ರಿಪೋರ್ಟ್ ಹೇಳಿದ ಮೇಲೂ ಮೆರೊಪೆನೆಮ್ ಸುಮ್ನೆ ಮುಂದುವರಿಸಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಔಷಧಿಗೆ ಬಗ್ಗದವು ಉಳಿದು, ಪಕ್ಕದ ಹಾಸಿಗೆಯವರಿಗೂ ಹರಡಬಹುದು.